ಕೇಸರಿಯ ನಾಡಿನಲ್ಲಿ ಒಂದು ಬಟ್ಟಲು ಚಹಾ

ಸುಖವೆಂಬುದು ಯಾವುದು, ಎಲ್ಲಿದೆ ಎಂಬುದನ್ನು ಕುರಿತು ನಮ್ಮ ಹಿರಿಯರು ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದಿಟ್ಟಿದ್ದಾರೆ. ನಾನೂ ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸಂಸ್ಕೃತವನ್ನು ಕಲಿಸುತ್ತ ಆ ವಿಚಾರವಾಗಿ ಬೇಕಾದಷ್ಟು ಮಾತನಾಡಿದವನೇ. ಆದರೆ ನಿಜವನ್ನು ಹೇಳುವುದಾದರೆ, ನನ್ನ ದಿನದ ಸುಖದಲ್ಲಿ ಮುಕ್ಕಾಲು ಪಾಲು ಸಾಯಂಕಾಲ ಸಿಕ್ಕುತ್ತಿದ್ದ ಒಂದು ಲೋಟ ಚಹಾದಲ್ಲಿ ಅಡಗಿತ್ತು.

ನಮ್ಮದು ತೀರ್ಥಹಳ್ಳಿಯ ಕಡೆಯ ಮನೆ. ಶಾಲೆಯಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತೆನೆಂದರೆ, ಒಳಗಿನಿಂದ ಏಲಕ್ಕಿಯನ್ನು ಜಜ್ಜುವ ಸದ್ದು ಕೇಳುತ್ತಿತ್ತು. ನನ್ನ ಗೃಹಿಣಿಯ ಚಹಾಕ್ಕೆ ಋತುವಿಗೊಂದು ಧರ್ಮವಿತ್ತು. ಮಳೆಗಾಲದಲ್ಲಿ ಶುಂಠಿ, ಚಳಿಗಾಲದಲ್ಲಿ ತುಳಸಿ ಮತ್ತು ಮೆಣಸು, ಬೇಸಗೆಯಲ್ಲಿ ಹಿತ್ತಿಲಿನ ಮಜ್ಜಿಗೆಹುಲ್ಲು. ಏಲಕ್ಕಿಗೆ ಮಾತ್ರ ಋತುನಿಯಮವಿರಲಿಲ್ಲ; ಅದು ಸರ್ವಕಾಲಕ್ಕೂ ಸಲ್ಲುವುದು. 2021ನೆಯ ಇಸವಿಯ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಆಮೇಲೆ ನಾನು ಚಹಾ ಕುಡಿಯುವುದನ್ನು ಬಿಡಲಿಲ್ಲ. ಅದರ ಪರಿಮಳವನ್ನು ಬಿಟ್ಟೆನು. ಪುಡಿ, ಹಾಲು, ಸಕ್ಕರೆ, ಇಷ್ಟೇ. ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಕುಡಿದು ಲೋಟವನ್ನು ತೊಳೆದಿಟ್ಟರೆ ಆ ಕೆಲಸವು ಮುಗಿಯಿತು. ಏಲಕ್ಕಿಯ ಡಬ್ಬಿಯನ್ನು ಕೈಗೆಟುಕದ ಮೇಲಿನ ಅಟ್ಟಣಿಗೆಗೆ ಸರಿಸಿದ್ದೆನು. ಏಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹೀಗೆ ಎರಡು ವರ್ಷಗಳು ಕಳೆದುವು. ನಾನು ನಿವೃತ್ತನಾದೆನು. ಬ್ಯಾಂಕಿನ ಕೆಲಸದ ಮೇಲೆ ಶ್ರೀನಗರದಲ್ಲಿದ್ದ ಮಗನು, "ಅಪ್ಪಯ್ಯ, ಜನ್ಮವೆಲ್ಲ ಕಾಶ್ಮೀರದ ಕವಿಗಳ ಶ್ಲೋಕಗಳನ್ನು ಪಾಠಮಾಡಿದಿರಿ, ಆ ನೆಲವನ್ನು ಒಂದು ಸಲವಾದರೂ ನೋಡಬೇಡವೇ? ಕೇಸರಿಯ ಹೂವು ಅರಳುವ ಕಾಲಕ್ಕೆ ಬನ್ನಿ," ಎಂದು ಬಲವಂತಮಾಡಿದನು. 2023ರ ಸೀಗೆಹುಣ್ಣಿಮೆಯನ್ನು ಕಳೆದು, ದೀಪಾವಳಿಗೆ ಹನ್ನೆರಡು ದಿನಗಳಿರುವಾಗ, ನಾನು ಜಮ್ಮುವಿನಲ್ಲಿ ರೈಲಿನಿಂದ ಇಳಿದೆನು.

ಅಲ್ಲಿಂದ ಶ್ರೀನಗರಕ್ಕೆ ಬೆಟ್ಟದ ಹಾದಿ, ಸುಮಾರು 250 ಕಿಲೋಮೀಟರು. (2025ರ ಜೂನ್ ತಿಂಗಳಿನಿಂದ ಕಟರಾ ಊರಿನಿಂದ ಶ್ರೀನಗರದವರೆಗೆ ರೈಲುಬಂಡಿಯೂ ಓಡುತ್ತಿದೆ, ನಾನು ಹೋದಾಗ ಆ ಸೌಕರ್ಯವಿರಲಿಲ್ಲ.) ಹಾದಿಯಲ್ಲಿ ಎರಡು ಮಹಾಸುರಂಗಗಳು. ಒಂದು 2017ರಲ್ಲಿ ತೆರೆದ ಚೆನಾನಿ-ನಾಶ್ರಿ ಸುರಂಗ, ಸುಮಾರು 9 ಕಿಲೋಮೀಟರು ಉದ್ದ. ಇನ್ನೊಂದು ಬನಿಹಾಲದ ಬೆಟ್ಟವನ್ನು ಕೊರೆದು 2021ರಲ್ಲಿ ತೆರೆದದ್ದು, ಎಂಟೂವರೆ ಕಿಲೋಮೀಟರು. ಈ ಎರಡನೆಯದರ ಕತ್ತಲೆಯಿಂದ ಹೊರಬಂದೊಡನೆ ಕಣಿವೆಯು ತಟ್ಟನೆ ಕಣ್ಣಮುಂದೆ ಹರಡಿಕೊಳ್ಳುತ್ತದೆ. ಕೊಯ್ದ ಭತ್ತದ ಗದ್ದೆಗಳು, ಹಳದಿಗೆ ತಿರುಗಿದ ಪೊಪ್ಲಾರ್ ಮರಗಳ ಸಾಲು, ದೂರದಲ್ಲಿ ಹಿಮದ ಗೆರೆ. ಅವಂತಿಪುರದಲ್ಲಿ ಒಂಬತ್ತನೆಯ ಶತಮಾನದ ಅವಂತಿವರ್ಮನು ಕಟ್ಟಿಸಿದ ದೇವಾಲಯಗಳ ಅವಶೇಷಗಳಿವೆ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಪಾಂಪೋರ್. ನಮ್ಮ ಸಂಸ್ಕೃತಗ್ರಂಥಗಳ ಪದ್ಮಪುರ.

ಕೇಸರಿಯ ಹೊಲಗಳಿರುವುದು ಇಲ್ಲಿಯೇ. ನಾನು ಏನೋ ನಂದನವನವನ್ನು ಕಲ್ಪಿಸಿಕೊಂಡಿದ್ದೆನು. ಕಂಡದ್ದಾದರೋ ಮರವಿಲ್ಲದ ಒಣ ದಿಣ್ಣೆಗಳು. ಬರಿಯ ಮಣ್ಣಿನ ಚೌಕಾಕಾರದ ಮಡಿಗಳು. ಆ ಮಣ್ಣಿನಿಂದ ನೇರವಾಗಿ ಮೇಲೆದ್ದ ಗೇಣಿಗಿಂತಲೂ ಕಡಮೆ ಎತ್ತರದ ನೇರಿಳೆಬಣ್ಣದ ಹೂಗಳು. ಪ್ರತಿ ಹೂವಿನೊಳಗೂ ಮೂರು ಕೆಂಪು ಎಳೆಗಳು. ಕೇಸರಿಯೆಂದರೆ ಈ ಮೂರು ಎಳೆಗಳೇ; ಉಳಿದದ್ದೆಲ್ಲವೂ ಹೊರಗಿನ ಸಂಭ್ರಮ. ಬೆಳಗಿನ ಹೊತ್ತು ಹೆಂಗಸರು ಮಕ್ಕಳು ಬಾಗಿ ಬಾಗಿ ಹೂಗಳನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಒಂದು ಗ್ರಾಮು ಕೇಸರಿಗೆ ಸುಮಾರು ನೂರೈವತ್ತು ಹೂಗಳು ಬೇಕು. ಈ ಗಿಡಕ್ಕೆ ಬೀಜವಾಗುವುದಿಲ್ಲ. ನೆಲದೊಳಗಿನ ಗಡ್ಡೆಯನ್ನು ಮನುಷ್ಯನು ಕಿತ್ತು ಬೇರೆ ಕಡೆ ನೆಟ್ಟರೆ ಮಾತ್ರ ಅದರ ವಂಶವು ಬೆಳೆಯುತ್ತದೆ. ಹಾಗಾದರೆ ಇಂದು ನಾನು ಕಂಡ ಹೂವು, ತಲತಲಾಂತರದಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದದ್ದೆಂದಾಯಿತು. ಹೊಲಗಳು ವರ್ಷವರ್ಷಕ್ಕೂ ಕುಗ್ಗುತ್ತಿರುವುದನ್ನು ಕಂಡು ಸರಕಾರವು 2010ರಲ್ಲಿ ಈ ಬೆಳೆಗಾಗಿಯೇ ಒಂದು ಯೋಜನೆಯನ್ನು ಆರಂಭಿಸಿತು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಅಮರಕೋಶವನ್ನು ಬಾಯಿಪಾಠಮಾಡಿದವರಿಗೆ ಕುಂಕುಮಕೇಸರಿಗೆ 'ಕಾಶ್ಮೀರಜನ್ಮ' ಎಂಬ ಹೆಸರುಂಟೆಂದು ನೆನಪಿರಬಹುದು. ಪಾಂಪೋರಿನ ಸಮೀಪದಲ್ಲಿಯೇ ಖುನಮುಹ್ ಎಂಬ ಊರಿದೆ. ಇದೇ ಹಿಂದಿನ ಖೋನಮುಖ, ಬಿಲ್ಹಣ ಮಹಾಕವಿಯ ಜನ್ಮಭೂಮಿ. ಆತನು ಹನ್ನೊಂದನೆಯ ಶತಮಾನದಲ್ಲಿ ಈ ಹೊಲಗಳ ನಡುವಿನಿಂದ ಹೊರಟು ದೇಶದೇಶಗಳನ್ನು ಸುತ್ತಿ, ಕೊನೆಗೆ ನಮ್ಮ ಕನ್ನಡನಾಡಿನ ಕಲ್ಯಾಣಕ್ಕೆ ಬಂದು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿ 'ವಿಕ್ರಮಾಂಕದೇವಚರಿತ'ವನ್ನು ಬರೆದನು. ಆ ಕಾವ್ಯದ ಕಡೆಯ ಸರ್ಗದಲ್ಲಿ ತನ್ನ ಹುಟ್ಟೂರನ್ನು ನೆನೆಯುತ್ತಾನೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆನು. ಸನ್ಮಾನ, ಛತ್ರ, ಆನೆಗಳೆಲ್ಲ ಇದ್ದ ಆಸ್ಥಾನಕವಿಗೆ ಒಂದು ಒಣ ದಿಣ್ಣೆಯ ನೆನಪು ಏಕೆ ಬಂದಿತೆಂಬುದು ಅಲ್ಲಿ ನಿಂತಾಗ ಮಾತ್ರ ಅರ್ಥವಾಯಿತು.

ಮಗನ ಬಾಡಿಗೆಯ ಮನೆಯು ಶ್ರೀನಗರದಲ್ಲಿ ವಿತಸ್ತೆಯ, ಎಂದರೆ ಈಗಿನ ಝೇಲಮ್ ನದಿಯ, ದಂಡೆಗೆ ಸಮೀಪದಲ್ಲಿತ್ತು. ಕೆಳಗಿನ ಅಂತಸ್ತಿನಲ್ಲಿ ಮನೆಯ ಯಜಮಾನರು. ಅವರೂ ನಿವೃತ್ತ ಉಪಾಧ್ಯಾಯರೇ, ಪಾರಸಿಯನ್ನು ಕಲಿಸಿದವರು. ಚಿಕ್ಕಂದಿನಲ್ಲಿ ಹಿಂದೀ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಕುಳಿತಿದ್ದ ಪುಣ್ಯದಿಂದ ನನ್ನ ನಾಲಗೆಯು ಅಷ್ಟಿಷ್ಟು ಆಡಿತು. ಮೊದಲನೆಯ ಸಂಜೆಯೇ ಅವರು, "ಮಾಸ್ಟರ್ ಸಾಹೇಬರೇ, ಕೆಳಗೆ ದಯಮಾಡಿಸಿ, ಕಹ್ವಾ ಸಿದ್ಧವಾಗಿದೆ," ಎಂದು ಕರೆದರು.

ನೆಲದ ಮೇಲೆ ಕಂಬಳಿಯ ಹಾಸು. ನಡುವೆ ಸಮಾವರ್ ಎಂಬ ತಾಮ್ರದ ಪಾತ್ರೆ. ಹೊರಗೆಲ್ಲ ಎಲೆಬಳ್ಳಿಯ ಕೆತ್ತನೆ, ಒಳಗೆ ಕಲಾಯಿ. ಅದರ ಮಧ್ಯದಲ್ಲಿ ಒಂದು ಕೊಳವೆ. ಕೊಳವೆಯಲ್ಲಿ ಕೆಂಡ, ಕೊಳವೆಯ ಸುತ್ತಲೂ ನೀರು. ಬೆಂಕಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಎಷ್ಟು ಹೊತ್ತಾದರೂ ಬಿಸಿಯಾಗಿರುವ ಉಪಾಯವಿದು. ಆ ನೀರಿನಲ್ಲಿ ಹಸಿರು ಚಹಾದ ಎಲೆ, ಲವಂಗಚಕ್ಕೆ, ಏಲಕ್ಕಿ, ಕೇಸರಿಯ ಕೆಲವು ಎಳೆ, ಸಕ್ಕರೆ. ಹಾಲಿನ ಸೋಂಕಿಲ್ಲ. ಹಿಡಿಯಿಲ್ಲದ ಸಣ್ಣ ಬಟ್ಟಲುಗಳಲ್ಲಿ ಸೀಳಿದ ಬಾದಾಮಿಯನ್ನು ಹಾಕಿ ಮೇಲಿನಿಂದ ಅದನ್ನು ಬಗ್ಗಿಸಿದರು. ಬಣ್ಣವು ಸಂಜೆಯ ಬಿಸಿಲಿನಂತಿತ್ತು.

ಕಹ್ವಾ ಎಂಬ ಹೆಸರಿನಲ್ಲಿ ಒಂದು ವಿನೋದವಿದೆ. ಅರಬ್ಬೀ ಭಾಷೆಯಲ್ಲಿ ಕಹ್ವಾ ಎಂದರೆ ಕಾಫಿ; ನಮ್ಮ ಕಾಫಿ ಎಂಬ ಮಾತೂ ಅದೇ ಮೂಲದಿಂದ ಬಂದದ್ದು. ಬಾಬಾಬುಡನ್ ಎಂಬ ಸಂತನು ಮೋಕಾದಿಂದ ಏಳು ಕಾಫಿಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದನೆಂಬ ಐತಿಹ್ಯವನ್ನು ನಾನು ಯಜಮಾನರಿಗೆ ಹೇಳಿದೆನು. "ಹಾಗಾದರೆ ವಸ್ತು ನಿಮ್ಮ ಕಡೆಗೆ ಹೋಯಿತು, ಹೆಸರು ನಮ್ಮ ಕಡೆಗೆ ಬಂದಿತು," ಎಂದು ಅವರು ನಕ್ಕರು.

ನಾನು ಬಟ್ಟಲನ್ನು ತುಟಿಗೆ ತಂದೆನು. ಕೇಸರಿಯ ಕಂಪನ್ನು ನಿರೀಕ್ಷಿಸಿದ್ದವನಿಗೆ ಮೊದಲು ಮೂಗಿಗೆ ಬಂದದ್ದು ಏಲಕ್ಕಿ. ನಮ್ಮ ಪಡುವಣ ಮಲೆಗಳ ಏಲಕ್ಕಿ! ಎರಡು ವರ್ಷ ಮನೆಯಲ್ಲಿ ದೂರವಿಟ್ಟದ್ದು, ಇಷ್ಟು ದೂರ ಬಂದು, ಹಿಮದ ಬೆಟ್ಟಗಳ ನಡುವೆ ನನ್ನನ್ನು ಹಿಡಿಯಿತು. ನಾನು ಕಣ್ಣೊರಸಿಕೊಂಡೆನು. ಬಿಸಿಯ ಹಬೆಯೆಂದು ಅವರು ತಿಳಿದರೋ, ಅಥವಾ ತಿಳಿದೂ ಸುಮ್ಮನಾದರೋ, ಬಟ್ಟಲನ್ನು ಮಾತ್ರ ಮತ್ತೆ ತುಂಬಿದರು. ಬಟ್ಟಲಿನ ಮೇಲೆ ಕೈಯಿಟ್ಟು ಮುಚ್ಚುವವರೆಗೂ ತುಂಬುತ್ತಲೇ ಇರುವುದು ಆ ಮನೆಯ ಪದ್ಧತಿಯೆಂದು ನನಗೆ ಐದನೆಯ ಬಟ್ಟಲಿನಲ್ಲಿ ತಿಳಿಯಿತು.

ಮರುದಿನ ಬೆಳಗ್ಗೆ ಬೇರೊಂದು ಅನುಭವ. ಗುಲಾಬಿಯ ಬಣ್ಣದ ಹಾಲುಚಹಾ ಬಂದಿತು. ಬಣ್ಣಕ್ಕೆ ಮರುಳಾಗಿ ದೊಡ್ಡ ಗುಟುಕನ್ನೇ ಕುಡಿದೆನು, ಉಪ್ಪು! ನನ್ನ ಮುಖವನ್ನು ಕಂಡು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಇದೇ ನೂನ್ ಚಾಯ್, ಎಂದರೆ ಉಪ್ಪಿನ ಚಹಾ. ಹಸಿರು ಎಲೆಯನ್ನು ಚಿಟಿಕೆ ಅಡಿಗೆಸೋಡದೊಡನೆ ಬಹಳ ಹೊತ್ತು ಕುದಿಸಿ, ತಣ್ಣೀರು ಹೊಯ್ದು ಸೌಟಿನಿಂದ ಎತ್ತಿ ಎತ್ತಿ ಸುರಿದರೆ ಕಡುಗೆಂಪು ಕಷಾಯವಾಗುತ್ತದೆ. ಅದಕ್ಕೆ ಹಾಲು ಸೇರಿದಾಗ ಗುಲಾಬಿಯ ಬಣ್ಣ ಬರುತ್ತದೆ. ಬೀದಿಯ ಒಲೆಯಂಗಡಿಯಿಂದ ಆಗಲೇ ತಂದ ಬಿಸಿ ರೊಟ್ಟಿಯೊಡನೆ ಅಲ್ಲಿನವರು ಅದನ್ನು ಸೇವಿಸುವರು. ಮೂರನೆಯ ದಿನಕ್ಕೆ ನನಗೂ ಅದು ಹಿಡಿಸಿತು. ನಮ್ಮ ಆಯುರ್ವೇದದಲ್ಲಿ ಕುದಿಸಿ ಇಳಿಸಿದ್ದನ್ನು ಕ್ವಾಥವೆಂದೂ, ಬಿಸಿನೀರಿನಲ್ಲಿ ನೆನೆಯಿಟ್ಟು ಸೋಸಿದ್ದನ್ನು ಫಾಂಟವೆಂದೂ ಹೇಳುವರು. ಬೆಳಗಿನದು ಕ್ವಾಥ, ಸಂಜೆಯದು ಫಾಂಟಕ್ಕೆ ಹತ್ತಿರದ್ದು. ಒಂದು ಹೊಟ್ಟೆಗೆ, ಇನ್ನೊಂದು ಮನಸ್ಸಿಗೆ.

ಒಂದು ಸಂಜೆ ಯಜಮಾನರು ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕಿದ್ದ ಮಸುಕಾದ ಗೆರೆಯೊಂದನ್ನು ತೋರಿಸಿದರು. 2014ರ ಸೆಪ್ಟೆಂಬರಿನಲ್ಲಿ ವಿತಸ್ತೆಯು ಉಕ್ಕಿ ಶ್ರೀನಗರದ ಬಹುಭಾಗವನ್ನು ಮುಳುಗಿಸಿದಾಗ ನೀರು ನಿಂತ ಗುರುತು ಅದು. "ನೀರಿಳಿದ ಮೇಲೆ ಬಂದು ನೋಡಿದೆವು. ನನ್ನ ಪುಸ್ತಕಗಳೆಲ್ಲ ಕೆಸರಾಗಿದ್ದುವು. ನಾನು ಬಾಗಿಲಿನಲ್ಲಿ ಕುಳಿತುಬಿಟ್ಟೆನು. ಇವಳು ಮಾತ್ರ ಕೆಸರಿನಿಂದ ಸಮಾವರನ್ನು ಹುಡುಕಿ ತೆಗೆದು ತೊಳೆದಳು. ಕೇಸರಿಯಿಲ್ಲ, ಬಾದಾಮಿಯಿಲ್ಲ, ಎಲೆ, ಚಕ್ಕೆ, ಎರಡು ಏಲಕ್ಕಿ. ಮೇಲಿನ ಅಂತಸ್ತಿನಲ್ಲಿ ಕುಳಿತು ಕುಡಿದೆವು. ಆಮೇಲೆ ಸಲಿಕೆಯನ್ನು ಹಿಡಿದೆವು," ಎಂದರು.

ಇದುವರೆಗೆ ಮೌನವಾಗಿದ್ದ ಆ ಮನೆಯ ತಾಯಿಯು ನನ್ನನ್ನು ಕುರಿತು, "ನಿಮ್ಮ ಮನೆಯಲ್ಲಿ ಈಗ ಚಹಾ ಮಾಡುವವರು ಯಾರು?" ಎಂದು ಕೇಳಿದರು.

"ನಾನೇ, ತಾಯಿ."

"ಏಲಕ್ಕಿ ಹಾಕುತ್ತೀರಷ್ಟೆ?"

"ಇಲ್ಲ," ಎಂದೆನು. ಕಾರಣವನ್ನು ಹೇಳಲು ಬಾಯಿ ಬರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಅದು ಅಷ್ಟು ದೂರದಿಂದ ಬರಬೇಕು. ನಿಮ್ಮ ಊರಿನಲ್ಲಿಯೇ ಬೆಳೆಯುವುದೆಂದು ನಿಮ್ಮ ಸೊಸೆ ಹೇಳಿದಳು. ಮನೆಯಲ್ಲಿದ್ದೂ ಹಾಕದಿರುವುದೇ? ಅವರು ನಿಮಗೆ ಹಾಗೆ ಮಾಡಿಕೊಟ್ಟಿದ್ದರೇ?" ಎಂದರು.

ಷಡ್ದರ್ಶನಗಳನ್ನು ಓದಿದವನ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಹೊರಡುವ ದಿನ ಆ ತಾಯಿಯು ಪುಟ್ಟ ಕರಡಿಗೆಯಲ್ಲಿ ಕೇಸರಿಯನ್ನಿಟ್ಟು ಕೊಟ್ಟರು. ಒಳ್ಳೆಯ ಕೇಸರಿಯನ್ನು ಗುರುತಿಸುವ ಬಗೆಯನ್ನೂ ಹೇಳಿದರು: ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿದರೆ ಅದು ನಿಧಾನವಾಗಿ ಹೊಂಬಣ್ಣವನ್ನು ಬಿಡಬೇಕು, ಎಳೆ ಮಾತ್ರ ಕೆಂಪಾಗಿಯೇ ಉಳಿಯಬೇಕು; ಹಾಕಿದೊಡನೆ ನೀರು ಕೆಂಪಾದರೆ ಅದು ಬಣ್ಣ ಹಚ್ಚಿದ ಮೋಸ. ಗೃಹಿಣಿಯರ ಅನುಕೂಲಕ್ಕಾಗಿ ಪಾನಕದ ವಿಧಾನವನ್ನೂ ಬರೆಯುತ್ತೇನೆ. ನಾಲ್ಕು ಬಟ್ಟಲು ನೀರಿಗೆ ಒಂದು ಸಣ್ಣ ಚೂರು ಲವಂಗಚಕ್ಕೆ, ಜಜ್ಜಿದ ಮೂರು ಏಲಕ್ಕಿ ಹಾಕಿ ಐದು ನಿಮಿಷ ಕುದಿಸಬೇಕು. ಕೆಳಗಿಳಿಸಿ ಒಂದು ಸಣ್ಣ ಚಮಚ ಹಸಿರು ಚಹಾದ ಎಲೆ ಹಾಕಿ ಎರಡು ಮೂರು ನಿಮಿಷ ಮುಚ್ಚಿಡಬೇಕು; ಹೆಚ್ಚು ಹೊತ್ತಾದರೆ ಒಗರು. ಸೋಸಿ, ಮೊದಲೇ ನೆನೆಯಿಟ್ಟ ಏಳೆಂಟು ಎಳೆ ಕೇಸರಿಯನ್ನು ನೀರಿನೊಡನೆ ಬೆರಸಿ, ಸಕ್ಕರೆ ಸೇರಿಸಿ, ಬಾದಾಮಿಯ ಸೀಳುಗಳ ಮೇಲೆ ಬಗ್ಗಿಸಬೇಕು. ಸಮಾವರ್ ಇಲ್ಲವೆಂದು ಚಿಂತಿಸಬೇಕಾಗಿಲ್ಲ.

ಊರಿಗೆ ಬಂದ ಮರುದಿನ ಅಟ್ಟಣಿಗೆಯಿಂದ ಡಬ್ಬಿಯನ್ನು ಇಳಿಸಿದೆನು. ಮುಚ್ಚಳವನ್ನು ತೆಗೆದರೆ ಏಲಕ್ಕಿಯು ಬಿಳಿಚಿಕೊಂಡು ನಿರ್ಗಂಧವಾಗಿತ್ತು. ಕಾದಿಟ್ಟುಕೊಂಡೆನೆಂದು ತಿಳಿದದ್ದು, ಬಳಸದೆ ಹೋದುದರಿಂದಲೇ ನಷ್ಟವಾಗಿತ್ತು. ಅದನ್ನು ತುಳಸಿಯ ಬುಡಕ್ಕೆ ಸುರಿದು, ಪಕ್ಕದ ತೋಟದವರಿಂದ ಹೊಸ ಏಲಕ್ಕಿಯನ್ನು ತಂದು ಡಬ್ಬಿಗೆ ತುಂಬಿದೆನು.

ಈಗ ಸಂಜೆ ನಾಲ್ಕೂವರೆಗೆ ನೆರೆಮನೆಯ ಹುಡುಗನೊಬ್ಬನು ಶಬ್ದರೂಪಗಳನ್ನು ಕಲಿಯಲು ಬರುತ್ತಾನೆ. ಅವನಿಗೊಂದು ಲೋಟ, ನನಗೊಂದು ಲೋಟ. ಕೇಸರಿಯನ್ನು ಹಬ್ಬಹುಣ್ಣಿಮೆಗೆಂದು ಇಟ್ಟಿದ್ದೇನೆ; ದಿನದಿನಕ್ಕೆ ನಮ್ಮ ಶುಂಠಿ, ನಮ್ಮ ಮಜ್ಜಿಗೆಹುಲ್ಲು, ಏಲಕ್ಕಿ. ಕುಳಿತುಕೊಂಡೇ ಕುಡಿಯುತ್ತೇವೆ. ಮೊನ್ನೆ ಆ ಹುಡುಗನು, "ಮೇಷ್ಟ್ರೇ, ಇವತ್ತು ಶುಂಠಿ ಸ್ವಲ್ಪ ಕಡಮೆಯಾಗಿದೆ," ಎಂದನು. ನನ್ನ ಗೃಹಿಣಿಗೆ ನಾನು ಹೇಳುತ್ತಿದ್ದ ಮಾತೂ ಅದೇ. ಎದ್ದು ಹೋಗಿ ಇನ್ನೊಂದು ಚೂರು ಶುಂಠಿಯನ್ನು ಜಜ್ಜಿದೆನು.