ಸಜಾತಿ ಪದಗಳ ಸುಖ

ಗಣಿತದ ಮೇಷ್ಟ್ರುಗಳಲ್ಲಿ ರೇಖಾಗಣಿತದ ರಸಿಕರು ಬಹಳ. ತ್ರಿಕೋನಮಿತಿಗೆ ಮನಸೋತವರೂ ಇದ್ದಾರೆ. ನನ್ನ ಚಪಲ ಮಾತ್ರ ಅವರೆಲ್ಲ ಮೂಗು ಮುರಿಯುವಷ್ಟು ಸಣ್ಣದು: ಮಕ್ಕಳಿಗೆ ಬೀಜಗಣಿತದ ಸಜಾತಿ ಪದಗಳನ್ನು, ಎಂದರೆ ಅಕ್ಷರಭಾಗ ಒಂದೇ ಆಗಿರುವ ಪದಗಳನ್ನು, ಕೂಡಿಸಲು ಕಲಿಸುವುದು. ಮನಸ್ಸು ಮಾಡಿದರೆ ಒಂದು ಪೀರಿಯಡ್ಡಿನಲ್ಲಿ ಮುಗಿಸಿ ಮುಂದಕ್ಕೆ ಹೋಗಬಹುದು. ನಾನು ಹೋಗುವುದಿಲ್ಲ. ಪಾಠ ಹಿಂದೆ ಬಿತ್ತೆಂದು ಹೆಡ್‌ಮಾಸ್ತರು ಗೊಣಗುವವರೆಗೂ ಅಲ್ಲೇ ಸುತ್ತುತ್ತಿರುತ್ತೇನೆ.

ಬೋರ್ಡಿನ ಮೇಲೆ ನಾನು ಎಕ್ಸ್, ವೈ ಬದಲು ಎಷ್ಟೋ ಸಲ ಅ, ಬ ಎಂದೇ ಬರೆಯುತ್ತೇನೆ. ಅಕ್ಷರ ಯಾವುದಾದರೇನು, ನಿಂತಿರುವುದು ಒಂದು ಸಂಖ್ಯೆಯ ಜಾಗದಲ್ಲಿ. 3ಅ + 4ಬ ಎಷ್ಟು ಎಂದು ಕೇಳಿದರೆ ಹಿಂದಿನ ಬೆಂಚಿನಿಂದ ಉತ್ತರ ಸಿದ್ಧ: "7ಅಬ, ಸಾ!" ಈ ತಪ್ಪುತ್ತರ ನನಗೆ ಬಲು ಇಷ್ಟ. ಅದು ದಡ್ಡತನದಿಂದ ಬಂದದ್ದಲ್ಲ. ಕೂಡು ಚಿಹ್ನೆ ಕಂಡರೆ ಕೂಡಿಸಿಬಿಡು, ಕೊನೆಗೆ ಒಂದೇ ಸಂಖ್ಯೆ ಉಳಿಯಬೇಕು ಎಂದು ಒಂದನೇ ತರಗತಿಯಿಂದ ರೂಢಿ ಮಾಡಿಸಿದವರು ನಾವೇ. ಉತ್ತರದೊಳಗೂ ಒಂದು ಕೂಡು ಚಿಹ್ನೆ ಉಳಿದರೆ ಮಗುವಿಗೆ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಂತೆ ಕಸಿವಿಸಿ. ಎಲ್ಲಿ ಕೈ ಬಿಡಬೇಕು ಎಂಬುದೇ ಈ ಪಾಠದ ಕಷ್ಟ, ಸೊಗಸು ಎರಡೂ.

ಅಡ್ಡಗೀಟು ಹಾಕುವ ಬದಲು ಬೆಲೆ ಹಾಕಿಸುತ್ತೇನೆ. "ಅ ಅಂದ್ರೆ 2, ಬ ಅಂದ್ರೆ 3. ಇಟ್ಟು ನೋಡ್ರೋ." 3ಅ + 4ಬ 18 ಆಗುತ್ತದೆ, 7ಅಬ 42. ಗುಸುಗುಸು ಶುರು. ಅಷ್ಟರಲ್ಲಿ ಒಬ್ಬ ಜಾಣ, ಗುಣಿಸುವ ತಾಪತ್ರಯ ಬೇಡವೆಂದು, ಎರಡಕ್ಕೂ 1 ಇಟ್ಟಿರುತ್ತಾನೆ. ಅವನಿಗೆ ಎರಡೂ ಕಡೆ 7! "ಸರಿಯಾಗೇ ಬಂತಲ್ಲ ಸಾ?" ಎಂದು ಎದ್ದು ನಿಲ್ಲುತ್ತಾನೆ. ಅವನ ಬೆಂಬಲಕ್ಕೆ ಇನ್ನೊಬ್ಬಳು ಎರಡಕ್ಕೂ ಸೊನ್ನೆ ಇಟ್ಟು, ಎರಡೂ ಕಡೆ ಸೊನ್ನೆ ಬರಿಸಿ ತೋರಿಸುತ್ತಾಳೆ. ನಾನು ಕಾದಿರುವುದೇ ಈ ಜಗಳಕ್ಕೆ. ಒಂದೆರಡು ಬೆಲೆಗೆ ಹೊಂದುವುದು ಬೇರೆ, ಎಲ್ಲ ಬೆಲೆಗೂ ಹೊಂದುವುದು ಬೇರೆ. 3ಅ + 4ಅ ಎನ್ನುವಲ್ಲಿ ಭಿನ್ನರಾಶಿ ಇಡಲಿ, ಋಣಸಂಖ್ಯೆ ಇಡಲಿ, 7ಅ ಕೈಕೊಡುವುದಿಲ್ಲ. ಜಗಳವಾಡಿ ಕಂಡುಕೊಂಡಷ್ಟು ಚೆನ್ನಾಗಿ ಇದು ನನ್ನ ವಿವರಣೆಯಿಂದ ಯಾರಿಗೂ ತಿಳಿದಿಲ್ಲ.

ಮಾವಿನಹಣ್ಣಿನ ವಿಚಾರ ಹೇಳಲೇಬೇಕು. ಮೂರು ಮಾವು, ನಾಲ್ಕು ಬಾಳೆ ಕೂಡಿಸಲು ಬರುವುದಿಲ್ಲ, ಹಾಗೆಯೇ 3ಅ + 4ಬ ಎಂದು ಎಷ್ಟೋ ಮೇಷ್ಟ್ರುಗಳು ಕಲಿಸುತ್ತಾರೆ. ಮಕ್ಕಳಿಗೆ ತಟ್ಟನೆ ಹಿಡಿಸುತ್ತದೆ ನಿಜ. ಆದರೂ ಈ ಹಣ್ಣಿನ ಬುಟ್ಟಿ ನನಗಾಗದು. ಇಂಗ್ಲೆಂಡಿನ ಶಿಕ್ಷಕರು ಇದನ್ನು 'ಫ್ರೂಟ್ ಸಲಾಡ್ ಆಲ್ಜೀಬ್ರಾ' ಎಂದು ಗೇಲಿ ಮಾಡುತ್ತಾರೆ. ಅ ಎಂದರೆ ಹಣ್ಣಾದರೆ ಅ² ಏನು? ಹಣ್ಣನ್ನು ಹಣ್ಣಿನಿಂದ ಗುಣಿಸುವುದು ಹೇಗೆ? ಮಾವೇ ಬೇಕೆಂದರೆ ಅ ಒಂದು ಮಾವಿನ ಬೆಲೆಯಾಗಲಿ. ಬೆಳಿಗ್ಗೆ ಮೂರು ತಂದದ್ದಕ್ಕೆ 3ಅ ರೂಪಾಯಿ, ಸಂಜೆ ಅದೇ ಬೆಲೆಗೆ ನಾಲ್ಕು ತಂದರೆ 4ಅ, ಒಟ್ಟು ಏಳು ಹಣ್ಣಿನ ದುಡ್ಡು. (3 + 4)ಅ ಎಂಬ ವಿಭಾಜಕ ನಿಯಮವನ್ನು ಆಮೇಲೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಬಣ್ಣದ ಸೀಮೆಸುಣ್ಣ ನನ್ನ ಇನ್ನೊಂದು ದೌರ್ಬಲ್ಯ. 7ಅ − 3ಬ + 5 − ಅ + 8ಬ − 2 ಎಂದು ಬರೆದು ಮಕ್ಕಳನ್ನು ಕರೆಯುತ್ತೇನೆ: ಅ ಪದಗಳಿಗೆ ಹಳದಿ ಸುತ್ತು, ಬ ಪದಗಳಿಗೆ ನೀಲಿ, ಬರಿ ಸಂಖ್ಯೆಗೆ ಕೆಂಪು. ಸುತ್ತು ಹಾಕುವಾಗ ಎಡಗಡೆಯ ಚಿಹ್ನೆಯನ್ನೂ ಒಳಗೆ ಸೇರಿಸಬೇಕು; ಹೊರಗೆ ಬಿಟ್ಟವರ ಲೆಕ್ಕ ಕೆಡುತ್ತದೆ. 7ಅ ದಿಂದ ಅ ಕಳೆದು 7 ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಅ ಎದುರು ಯಾರೂ ಬರೆಯದ 1 ಇದೆ ಎಂದರೆ, "ಬರೀದೇ ಇದ್ರೆ ನಮಗೆ ಹೆಂಗ್ ಗೊತ್ತಾಗ್ಬೇಕು ಸಾ?" ಎನ್ನುತ್ತಾರೆ. ನ್ಯಾಯವಾದ ಮಾತೇ. ಕೊನೆಗೆ 6ಅ + 5ಬ + 3 ಉಳಿದು ಬೋರ್ಡು ಹಗುರಾಗುತ್ತದೆ.

ಈ ಬಣ್ಣದಾಟಕ್ಕೆ ಹಿರಿಯರ ಸಮ್ಮತಿಯೂ ಇದೆ. 12ನೇ ಶತಮಾನದ ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲಿ ಮೊದಲ ಅವ್ಯಕ್ತ ರಾಶಿಗೆ ಯಾವತ್ತಾವತ್ ಎಂದು ಹೆಸರು. ಉಳಿದವಕ್ಕೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರ ಸಾಕು: ಯಾ, ಕಾ, ನೀ. ಋಣವಾದರೆ ಅಂಕಿಯ ನೆತ್ತಿಗೊಂದು ಚುಕ್ಕೆ. ಸಮಾನ ಜಾತಿಯವನ್ನು ಕೂಡಬೇಕು ಇಲ್ಲವೇ ಕಳೆಯಬೇಕು, ಬೇರೆ ಜಾತಿಯವನ್ನು ಬೇರೆಯಾಗಿಯೇ ಇಡಬೇಕು ಎಂಬ ನಿಯಮವೂ ಅಲ್ಲೇ ಇದೆ. ಡೆಕಾರ್ಟ್ 1637ರಲ್ಲಿ ಎಕ್ಸ್, ವೈ, ಝೆಡ್ ಬಳಸಿದ್ದು ಇದಕ್ಕಿಂತ ಎಷ್ಟೋ ಈಚೆಗೆ.

ವಾರದ ಕೊನೆಗೆ ಗೋಡೆಯ ಕ್ಯಾಲೆಂಡರ್ ಇಳಿಸುತ್ತೇನೆ. ಮೂರು ಸಾಲು, ಮೂರು ಕಂಬದ ಒಂಬತ್ತು ದಿನಾಂಕಗಳ ಚೌಕ ಒಂದನ್ನು ಅವರೇ ಆರಿಸಬೇಕು, ನಡುವಿನ ದಿನಾಂಕ ಮಾತ್ರ ನನಗೆ ಹೇಳಬೇಕು. 17 ಎಂದರೆ ನಾನು ಬಾಗಿಲ ಕಡೆ ನೋಡುತ್ತಲೇ 153 ಎನ್ನುತ್ತೇನೆ. ಅವರು 9, 10, 11 ಎಂದು ಬೆರಳು ಮಡಿಸುತ್ತಾ 25ರವರೆಗೆ ಕೂಡಿಸಿ ದಂಗಾಗುತ್ತಾರೆ. "ಮೊದ್ಲೇ ನೋಡ್ಕೊಂಡ್ ಬಂದಿದೀರ ಸಾ." ಆಗ ನಡುವಿನದನ್ನು ನ ಎಂದು ಕರೆದು ಉಳಿದ ಎಂಟನ್ನು ಬರೆಸುತ್ತೇನೆ: ಒಂದು ದಿನದ ಹಿಂದೆ ಮುಂದೆ ನ − 1, ನ + 1, ಒಂದು ವಾರದ ಹಿಂದೆ ಮುಂದೆ ನ − 7, ನ + 7, ಮೂಲೆಗಳಲ್ಲಿ 6, 8. ಕೂಡಿಸುತ್ತಾ ಹೋದರೆ ಸಂಖ್ಯೆಗಳೆಲ್ಲ ಜೋಡಿ ಜೋಡಿಯಾಗಿ ವಜಾ ಆಗಿ 9ನ ಒಂದೇ ಉಳಿಯುತ್ತದೆ. ವಾರಗಳನ್ನು ಅಡ್ಡಕ್ಕೆ ಅಚ್ಚು ಹಾಕಿರಲಿ, ಉದ್ದಕ್ಕೆ ಹಾಕಿರಲಿ, ಉತ್ತರ ಇದೇ.

ನಿಮ್ಮ ಮನೆಯಲ್ಲಿ ಬೀಜಗಣಿತ ಕಲಿಯುವ ವಯಸ್ಸಿನ ಮಗುವಿದ್ದರೆ ನಾಲ್ಕು ದಿನಾಂಕದ ಚೌಕ ಕೊಟ್ಟು ನೋಡಿ. ಅತಿ ಚಿಕ್ಕ ದಿನಾಂಕ ನ ಆದರೆ ಮೊತ್ತ 4ನ + 16. ಅದನ್ನು 20ನ ಮಾಡಿದರೆ ಬೈಯಬೇಡಿ, ಕ್ಯಾಲೆಂಡರಿನ ಮೇಲೆ ಕೂಡಿಸಿ ನೋಡು ಅನ್ನಿ. ಒಂದನೇ ತಾರೀಖಿನಿಂದ ಶುರುವಾಗುವ ಚೌಕ ಮಾತ್ರ ಬೇಡ. ಅಲ್ಲಿ ಎರಡೂ ಇಪ್ಪತ್ತೇ ಆಗಿಬಿಡುತ್ತದೆ.