ಶಿರಾಡಿಗೊಂದು ಪ್ಲಾನು

ಶಿರಾಡಿ ಘಾಟಿಯನ್ನು ಸರಿಪಡಿಸುವುದು ಹೇಗೆಂದು ಗೊತ್ತಿಲ್ಲದ ಗಂಡಸು ಸಕಲೇಶಪುರದಲ್ಲಿ ಇನ್ನೂ ಹುಟ್ಟಿಲ್ಲ. ಕಟಿಂಗ್ ಶಾಪಿನಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತವನೂ ಕನ್ನಡಿ ನೋಡುತ್ತಲೇ ಒಂದು ಸುರಂಗ ಕೊರೆದುಬಿಡುತ್ತಾನೆ. ಪಕ್ಕದ ಕುರ್ಚಿಯವರು ಸುರಂಗ ದಂಡ, ಉದ್ದಕ್ಕೂ ಫ್ಲೈಓವರ್ ಹಾಕಿದರೆ ಸಾಕು ಅನ್ನುತ್ತಾರೆ. ಹೆಂಗಸರದು ಬೇರೆಯೇ ಪ್ಲಾನು: ಮಂಗಳೂರಿನ ಆಸ್ಪತ್ರೆಯ ಕೆಲಸ ಏನಿದ್ದರೂ ಮೇ ತಿಂಗಳೊಳಗೆ ಮುಗಿಸಿಕೊಂಡು ಬಂದುಬಿಡುವುದು. ನನ್ನನ್ನು ಕೇಳಿದರೆ, ಈ ರಸ್ತೆಯ ಬಗ್ಗೆ ಹಾಕಿದ ಪ್ಲಾನುಗಳಲ್ಲಿ ಹೇಳಿದ ಹೊತ್ತಿಗೆ ಮುಗಿಯುತ್ತಿರುವುದು ಅದೊಂದೇ.

ನಮಗಿದು ಬಿ.ಎಂ. ರಸ್ತೆ, ಬೆಂಗಳೂರು–ಮಂಗಳೂರು ರಸ್ತೆ. ಸರ್ಕಾರದ ಲೆಕ್ಕದಲ್ಲಿ ಮೊದಲು ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ 75 ಆಯಿತು. ತಿರುವುಗಳು ಮಾತ್ರ ಹಳೆಯವೇ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರದಿಂದ ಹೊರಟ ರಸ್ತೆ, ಟಿಪ್ಪು 1792ರಲ್ಲಿ ಕಟ್ಟಿ ಮುಗಿಸಿದ ಮಂಜರಾಬಾದ್ ಕೋಟೆಯ ಬುಡ ಹಾದು, ಹೆಗ್ಗದ್ದೆ, ಮಾರನಹಳ್ಳಿ, ಕೆಂಪುಹೊಳೆ ಎಂದು ಇಳಿಯುತ್ತಾ ಗುಂಡ್ಯ ಮುಟ್ಟುವಷ್ಟರಲ್ಲಿ ಸ್ವೆಟರ್ ಬಿಚ್ಚಬೇಕಾಗುತ್ತದೆ. ಪೆಟ್ರೋಲು, ಅಡುಗೆ ಅನಿಲದ ಟ್ಯಾಂಕರು, ಬಂದರಿನ ಕಂಟೇನರು, ಧರ್ಮಸ್ಥಳ ಸುಬ್ರಹ್ಮಣ್ಯದ ಭಕ್ತರು, ರಾತ್ರಿ ಬಸ್ಸುಗಳು ಎಲ್ಲವೂ ಇದೇ ತಿರುವುಗಳಲ್ಲಿ ಒಂದರ ಬಾಲ ಇನ್ನೊಂದು ಹಿಡಿದು ಹತ್ತಬೇಕು. ಬಹುಚಕ್ರದ ಲಾರಿಯೊಂದು ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತಾ ಮುಂದಿದ್ದರೆ ಹಿಂದಿನವರಿಗೆ ಅದರ ಹಿಂಬದಿಯ ಸಾಹಿತ್ಯವೆಲ್ಲ ಬಾಯಿಪಾಠವಾಗುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಮೀನಿನ ಲಾರಿ. ಐಸ್ ಕರಗಿದ ನೀರು ಅದರ ಹಿಂಬಾಗಿಲ ಸಂದಿಯಿಂದ ತಿರುವು ತಿರುವಿಗೂ ಚೆಲ್ಲುತ್ತದೆ. ಹಿಂದಿನ ಬೈಕಿನವನಿಗೆ ಮೊದಲು ವಾಸನೆ ಬರುತ್ತದೆ. ಅಷ್ಟಕ್ಕೇ ಹುಷಾರಾಗದಿದ್ದರೆ ಮುಂದಿನ ತಿರುವಿನಲ್ಲಿ ಚಕ್ರ ಜಾರುತ್ತದೆ.

ಮೊದಲು ಇಲ್ಲಿ ಟಾರು ರಸ್ತೆ ಇತ್ತು. ಇತ್ತು ಅನ್ನುವುದಕ್ಕಿಂತ, ಡಿಸೆಂಬರಿನಲ್ಲಿ ಬರುತ್ತಿತ್ತು, ಜುಲೈನಲ್ಲಿ ಹೋಗುತ್ತಿತ್ತು ಅನ್ನುವುದು ಸರಿ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಕಡೆಯ ಅದಿರು ಲಾರಿಗಳು ಬಂದರಿಗೆ ಇಳಿಯಲು ಶುರುಮಾಡಿದ ಮೇಲಂತೂ ಹೊಂಡಗಳ ನಡುವೆ ರಸ್ತೆ ಹುಡುಕಬೇಕಾಯಿತು. ಟಾರಿಗೂ ನೀರಿಗೂ ಆಗಿಬರುವುದಿಲ್ಲ. ವರ್ಷದಲ್ಲಿ ನಾಲ್ಕೈದು ತಿಂಗಳು ನೀರೊಳಗೇ ಇರುವ ಜಾಗಕ್ಕೆ ಕಾಂಕ್ರೀಟೇ ಸರಿಯೆಂದು ಕೊನೆಗೆ ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಘಾಟಿಯ ಅರ್ಧಕ್ಕೆ 2015ರಲ್ಲಿ, ಉಳಿದರ್ಧಕ್ಕೆ 2018ರಲ್ಲಿ, ಎರಡು ಸಲವೂ ತಿಂಗಳುಗಟ್ಟಲೆ ವಾಹನ ನಿಲ್ಲಿಸಿ ಕಾಂಕ್ರೀಟು ಹಾಕಿದರು. ಆ ತಿಂಗಳುಗಳಲ್ಲಿ ನಮ್ಮೂರಿನ ಮುದುಕರು ಎಡ ಬಲ ನೋಡದೆ ರಸ್ತೆ ದಾಟಿದರು, ಮಾರನಹಳ್ಳಿಯ ಹೋಟೆಲಿನವರು ನೊಣ ಹೊಡೆದರು. ವಾಹನಗಳೆಲ್ಲ ತಮ್ಮ ಘಾಟಿಗಳಿಗೆ ತಿರುಗಿದ್ದಕ್ಕೆ ಚಾರ್ಮಾಡಿ, ಸಂಪಾಜೆಗಳ ಜನ ನಮ್ಮನ್ನು ಬೈದರು.

2018ರ ಜುಲೈನಲ್ಲಿ ರಸ್ತೆ ತೆರೆಯಿತು. ಆಗಸ್ಟಿನಲ್ಲಿ ಕೊಡಗನ್ನು ಮುರಿದ ಅದೇ ಮಳೆ ನಮ್ಮ ಮೇಲೂ ಸುರಿದು, ಅಲ್ಲಲ್ಲಿ ಗುಡ್ಡ ಜಾರಿ, ರಸ್ತೆ ಮತ್ತೆ ಮುಚ್ಚಿತು. ಹಾಗಂತ ಕಾಂಕ್ರೀಟಿಗೇನೂ ಆಗಿರಲಿಲ್ಲ. ಅದರ ಮೇಲೆ ಗುಡ್ಡ ಬಂದು ಕೂತಿತ್ತು, ಅಷ್ಟೆ.

ನನಗೆ ಆಗ ಹೊಕ್ಕ ಅನುಮಾನ ಇನ್ನೂ ಹೋಗಿಲ್ಲ. ರಸ್ತೆಯ ಪ್ಲಾನು ಹಾಕುವವರು ರಸ್ತೆಯನ್ನು ಮಾತ್ರ ನೋಡುತ್ತಾರೆ. ಕಾಗದದ ಮೇಲೆ ಅದೊಂದು ಉದ್ದದ ಗೆರೆ; ಗೆರೆಗೆ ಅಗಲ ಇದೆ, ದಪ್ಪ ಇದೆ, ವೆಚ್ಚ ಇದೆ. ಗೆರೆಯ ಮೇಲುಗಡೆ ಏನಿದೆ, ಅಲ್ಲಿಂದ ಇಳಿಯುವ ನೀರು ಗೆರೆಯನ್ನು ಎಲ್ಲಿ ದಾಟಿ ಕೆಂಪುಹೊಳೆಗೆ ಸೇರಬೇಕು ಅನ್ನುವುದು ಬೇರೆ ಯಾರದೋ ಕೆಲಸ. ಇಲ್ಲಿನ ಗುಡ್ಡಗಳಿಗೆ ಮೇಲೆ ಕೆಂಪು ಮಣ್ಣಿನ ದಪ್ಪ ಹೊದಿಕೆ, ಕೆಳಗೆ ಬಂಡೆ. ಜುಲೈ ಹೊತ್ತಿಗೆ ಮಣ್ಣು ಕುಡಿದು ಕುಡಿದು ಸಾಕಾಗಿ, ಹೆಚ್ಚಿನ ನೀರು ಮಣ್ಣಿಗೂ ಬಂಡೆಗೂ ನಡುವೆ ಹರಿಯುತ್ತದೆ. ಬುಡದಲ್ಲಿ ಗುಡ್ಡ ಕಡಿದಿದ್ದರೆ ಮಣ್ಣಿಗೆ ಕಾಲೂರಲು ಜಾಗವಿಲ್ಲ.

ಹಾಸನದಿಂದ ಮಾರನಹಳ್ಳಿವರೆಗೆ ಚತುಷ್ಪಥ ಮಾಡುವಾಗ ದೊಡ್ಡತಪ್ಪಲೆಯಲ್ಲಿ ಆಗಿದ್ದು ಇದೇ. ಗುಡ್ಡವನ್ನು ಮೈಸೂರು ಪಾಕ್ ಕೊಯ್ದಂತೆ ನೆಟ್ಟಗೆ ಕೊಯ್ದಿದ್ದರು. ಅಂಚು ಎಷ್ಟು ನಯವಾಗಿತ್ತೆಂದರೆ ಜೆಸಿಬಿಯ ಹಲ್ಲಿನ ಗೀರುಗಳನ್ನು ಬಸ್ಸಿನಲ್ಲಿ ಕೂತೇ ಎಣಿಸಬಹುದಿತ್ತು. ಮೇಲಿನ ಮರಗಳ ಬೇರು ಗಾಳಿಯಲ್ಲಿ ನೇತಾಡುತ್ತಿದ್ದವು. 2024ರ ಜುಲೈನಲ್ಲಿ ಅದು ಮತ್ತೆ ಮತ್ತೆ ಕುಸಿಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ನೋಡಿ, 90 ಡಿಗ್ರಿಗೆ ಕತ್ತರಿಸಿದ್ದು ತಪ್ಪು ಎಂದರು. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೂ ಜಾರಿ ರೈಲೂ ನಿಂತಿತು. ಬೆಂಗಳೂರಿನಲ್ಲಿ ಓದುವ ಮಂಗಳೂರಿನ ಮಕ್ಕಳು ಊರು ಮುಟ್ಟಲು ದಾರಿ ಹುಡುಕುತ್ತಾ ಇಡೀ ಕರ್ನಾಟಕದ ಭೂಗೋಳ ಕಲಿತರು.

ರೈಲಿನದು ಇನ್ನೊಂದು ಪುರಾಣ. 57 ಸುರಂಗಗಳ ಆ ಮೀಟರ್‌ಗೇಜ್ ದಾರಿ ಶುರುವಾಗಿದ್ದು 1979ರಲ್ಲಿ. ಬ್ರಾಡ್‌ಗೇಜ್ ಮಾಡುತ್ತೇವೆಂದು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಮುಚ್ಚಿದ ವರ್ಷ ಹುಟ್ಟಿದ ಮಕ್ಕಳು ಅಷ್ಟರಲ್ಲಿ ಮಿಡ್ಲ್ ಸ್ಕೂಲಿಗೆ ಬಂದಿದ್ದರು. ರಸ್ತೆಗೂ ಅಂಥದೊಂದು ಕನಸು ಇತ್ತು: ಜಪಾನಿನ ಜೈಕಾ ಸಂಸ್ಥೆಯ ನೆರವಿನಲ್ಲಿ ಗುಂಡ್ಯದವರೆಗೆ ಸುಮಾರು 23 ಕಿಲೋಮೀಟರು ಸುರಂಗ, ಸೇತುವೆ, ಮತ್ತೆ ಸುರಂಗ. ಚಿತ್ರ ಬಹಳ ಚೆಂದ ಇತ್ತು. ವೆಚ್ಚ ಸಾವಿರಾರು ಕೋಟಿಯಲ್ಲಿ ಏರಿದಂತೆ ಸುರಂಗ ಕಾಗದದಲ್ಲೇ ಗಿಡ್ಡವಾಗುತ್ತಾ ಬಂತು. ಈಚೆಗೆ ರೈಲನ್ನೂ ರಸ್ತೆಯನ್ನೂ ಒಟ್ಟಿಗೇ ಒಯ್ಯುವ ಮಾತು ಕೇಳಿಬರುತ್ತಿದೆ.

ಒಟ್ಟಿಗೆ ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಆಸೆ ಹುಟ್ಟುತ್ತದೆ, ಸುಳ್ಳೇಕೆ. ಈ ಘಟ್ಟದ ಮೇಲೆ ಯಾರ ಕಣ್ಣು ಬಿದ್ದಿಲ್ಲ ಹೇಳಿ! ಹೆದ್ದಾರಿಯವರದು ಒಂದು ಗೆರೆ, ರೈಲಿನವರದು ಒಂದು. ಉತ್ತರಕ್ಕೆ ನೆರಿಯದ ಕಡೆಯಿಂದ ಪೆಟ್ರೋಲು ಕೊಳವೆ ಹತ್ತಿದೆ. ಎತ್ತಿನಹೊಳೆಯ ನೀರು ಬಯಲುಸೀಮೆಗೆ ಒಯ್ಯುವ ಕೊಳವೆಗಳು ಆಳೆತ್ತರ ಇದ್ದು, ಹೂಳುವ ಮೊದಲು ನಮ್ಮ ನಾಯಿಗಳಿಗೆ ಮಳೆಗಾಲದ ಮನೆಯಾಗಿದ್ದವು. ಹೈಟೆನ್ಶನ್ ತಂತಿ ಬೇರೆ. ಒಬ್ಬರು ಮುಚ್ಚಿದ ಕಡೆ ಇನ್ನೊಬ್ಬರು ಅಗೆಯುತ್ತಾರೆ. ಎಲ್ಲರ ಬಗಲಲ್ಲೂ ಅವರವರ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ. ಆನೆಗಳ ಬಳಿ ಮಾತ್ರ ಡಿಪಿಆರ್ ಇಲ್ಲ, ಹಾಗಾಗಿ ಅವು ಹಳೇ ದಾರಿಯಲ್ಲೇ ದಾಟುತ್ತಿವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದ ಸಿಲ್ವರ್ ಮರಗಳಿಗೆ ಯಾರೋ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದರು. ತೋಟದ ಗೌಡರು ಹೋಗಿ, "ಇದ್ಯಾವ ಪ್ಲಾನಪ್ಪ, ಸುರಂಗದ್ದೋ ಅಗಲ ಮಾಡೋದೋ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್, ನಾವು ಮರ ಎಣಿಸೋರು ಅಷ್ಟೆ," ಎಂದ ಹುಡುಗ. ಮಣ್ಣು ನೋಡುವವರು ಬೇರೆ ಬರುತ್ತಾರಂತೆ.

ನನ್ನದೂ ಒಂದು ಪ್ಲಾನು ಇದೆ, ಕಟಿಂಗ್ ಶಾಪಿನಲ್ಲಿ ಹೇಳಿದರೆ ನಗುತ್ತಾರೆ. ಹಿಂದೆ ಲೋಕೋಪಯೋಗಿ ಇಲಾಖೆಯ ಗ್ಯಾಂಗಿನವರು ಇರುತ್ತಿದ್ದರು. ತಲೆಗೆ ಕಂಬಳಿ ಕೊಪ್ಪೆ, ಕೈಯಲ್ಲಿ ಗುದ್ದಲಿ. ಮಳೆ ಹಿಡಿಯುವ ಮೊದಲು ಚರಂಡಿ ಎಳೆದು, ಮೋರಿಯ ಬಾಯಿಗೆ ಸಿಕ್ಕಿದ ಕೊಂಬೆ ಕಸ ಬಿಡಿಸಿ ಹೋಗುತ್ತಿದ್ದರು. ಈಗ ಮೋರಿಯಲ್ಲಿ ಕೊಂಬೆಯ ಜೊತೆಗೆ ಪ್ರವಾಸಿಗರ ನೀರಿನ ಬಾಟಲಿಗಳೂ ಸಿಗುತ್ತವೆ. ಬಾಯಿ ಕಟ್ಟಿದ ಮೋರಿಯ ನೀರು ಕಾಂಕ್ರೀಟಿನ ಮೇಲೇ ಹರಿದು, ಕೆಳಬದಿಯ ತಡೆಗೋಡೆಯ ಹಿಂದೆ ಇಳಿದು ಗೋಡೆಯನ್ನೇ ನೂಕುತ್ತದೆ. ಸುರಂಗ ಬರುವಾಗ ಬರಲಿ, ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಡಲಿ. ಅಲ್ಲಿಯವರೆಗೆ ಎರಡು ಮೈಲಿಗೊಬ್ಬ ಗುದ್ದಲಿಯವನನ್ನು ಇಡಬಾರದೇ?

"ಗುದ್ದಲಿಗೆ ಯಾರ್ರೀ ಶಂಕುಸ್ಥಾಪನೆ ಮಾಡ್ತಾರೆ?" ಅಂದರು ಗೌಡರು. ಅವರ ತೋಟದ ಮೇಲಿನ ಮೋರಿಯನ್ನು ಪ್ರತಿ ಮೇ ತಿಂಗಳು ಅವರೇ ಆಳು ಕಳಿಸಿ ಬಿಡಿಸುತ್ತಾರೆ, ಇಲ್ಲವಾದರೆ ಹೆದ್ದಾರಿಯ ನೀರೆಲ್ಲ ಕಾಫಿಗೆ ನುಗ್ಗುತ್ತದೆ. ಆಳಿನ ಕೂಲಿಗೆ ಬಿಲ್ಲು ಯಾರಿಗೆ ಕಳಿಸಲಿ ಎಂದು ಒಂದು ಕಚೇರಿಗೆ ಪತ್ರ ಬರೆದಿದ್ದರಂತೆ. ಆ ಮೋರಿ ತಮ್ಮ ನಕ್ಷೆಯಲ್ಲಿ ಇಲ್ಲವೆಂದು ಉತ್ತರ ಬಂದಿದೆ.