ಮಾರ್ಜಾಲ ಪಥ್ಯ

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡ ಮಕ್ಕಳಿಲ್ಲ. ಮೊದಲ ದಿನವೇ ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಆ ಬೆಕ್ಕು, ಮುಂದೆ ತಣ್ಣನೆಯ ಹಾಲನ್ನು ಕಂಡರೂ ಓಟ ಕಿತ್ತಿತು. ಕೇಳಿದವರು ರಾಮಕೃಷ್ಣನ ಚಾತುರ್ಯವನ್ನು ಮೆಚ್ಚಿ ನಗುತ್ತಾರೆ. ಬೆಕ್ಕಿನ ಜ್ಞಾಪಕಶಕ್ತಿಯನ್ನು ಮೆಚ್ಚುವವರು ವಿರಳ. ಗದುಗಿಗೆ ಸಮೀಪದ ಅಸುಂಡಿಯ ಒಂದು ಮನೆಯವರು ಮಾತ್ರ ಆ ವಿರಳರ ಗುಂಪಿಗೆ ಈಚೆಗೆ ಸೇರಿದ್ದಾರೆ.

ಆ ಮನೆಗೆ ಹಿರಿಯಳು ಎಪ್ಪತ್ತು ದಾಟಿದ ಅಜ್ಜಿ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಆಚಾರವಂತೆ. ಆಕೆಯ ಬೆಕ್ಕಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಾಕಿದರೆ ಮಾತ್ರ ಊಟ. ಮೊಮ್ಮಗಳು ಗದುಗಿನಿಂದ ತಂದ ಪೊಟ್ಟಣದ ಆಹಾರವನ್ನು ಅದು ಒಮ್ಮೆ ಮೂಸಿ, ಮಣ್ಣು ಮುಚ್ಚುವಂತೆ ಮುಂಗಾಲಿನಿಂದ ನೆಲ ಕೆರೆದು ಹೊರಟುಹೋಯಿತು. "ನಮ್ಮದು ಶರಣರ ಬೆಕ್ಕು, ರೊಟ್ಟಿ ಹಾಲಿನ ಮ್ಯಾಲೆ ಬೆಳದದ್ದು" ಎಂದು ಅಜ್ಜಿಗೆ ಹೆಮ್ಮೆ.

ಒಂದು ಸಂಜೆ ಆ ಬೆಕ್ಕು ದಿನವೂ ದಾಟುತ್ತಿದ್ದ ಹೊಸ್ತಿಲನ್ನೇ ಎಡವಿತು. ಮರುದಿನ ಹಾಲಿನ ಬಟ್ಟಲನ್ನು ಕಾಣದೆ ಅದರೊಳಗೇ ಕಾಲಿಟ್ಟಿತು. ಗದುಗಿನ ಪಶುವೈದ್ಯರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಊಟದ ವಿವರ ಕೇಳಿ, ಆಹಾರದಲ್ಲಿ ಟಾರಿನ್ ಎಂಬ ಸತ್ತ್ವ ಸಾಲದೆ ಅಕ್ಷಿಪಟಲ ಸವೆದಿದೆಯೆಂದರು. ಹೋದ ದೃಷ್ಟಿ ಮರಳಲಾರದು, ಉಳಿದಷ್ಟನ್ನು ಕಾಪಾಡಿಕೊಳ್ಳಬಹುದು.

ಮನುಷ್ಯನ ದೇಹವು ಟಾರಿನ್ನನ್ನು ತಕ್ಕಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಲುವಷ್ಟು ತಯಾರಿಸುವ ಶಕ್ತಿಯಿಲ್ಲ. ಅದು ಮಾಂಸದಲ್ಲುಂಟು, ಜೋಳದಲ್ಲಿಲ್ಲ, ಹಸುವಿನ ಹಾಲಿನಲ್ಲಿ ಅತ್ಯಲ್ಪ. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯ ಸೋಲುವುದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಗಜ್ಜರಿಯ ಬಣ್ಣದಿಂದ ಎ ಜೀವಸತ್ತ್ವವನ್ನು ಮಾಡಿಕೊಳ್ಳುವ ವಿದ್ಯೆಯೂ ಬೆಕ್ಕಿಗೆ ಬಾರದು.

ಹಾಗಾದರೆ ಇಷ್ಟು ವರ್ಷ ಶರಣರ ಬೆಕ್ಕು ಬದುಕಿದ್ದು ಹೇಗೆ? ಉತ್ತರವು ಹಗೇವಿನಲ್ಲಿತ್ತು. ಹಿಂದೆ ಮನೆಯ ಜೋಳವು ಹಗೇವಿನಲ್ಲಿಯೂ ಚೀಲಗಳಲ್ಲಿಯೂ ಇರುತ್ತಿತ್ತು, ಜೋಳವಿದ್ದಲ್ಲಿ ಇಲಿ. ಒಂದು ಇಲಿಯಲ್ಲಿ ಟಾರಿನ್, ಎಲುಬಿನ ಸುಣ್ಣ, ಯಕೃತ್ತಿನ ಎ ಜೀವಸತ್ತ್ವ, ಎಲ್ಲವೂ ಅಳತೆಗೆ ತಕ್ಕಂತೆ ಕೂಡಿರುತ್ತವೆ. ಈಗ ಕಾಳು ತಗಡಿನ ಡಬ್ಬಿ ಸೇರಿತು, ನೆಲಕ್ಕೆ ಸಿಮೆಂಟು ಬಂದಿತು, ಇಲಿ ಹೋಯಿತು. ರೊಟ್ಟಿ ಹಾಲು ಎಂದೂ ಆ ಬೆಕ್ಕಿನ ಊಟವಾಗಿರಲಿಲ್ಲ. ಊಟದ ಮೇಲಿನ ಉಪಚಾರವಾಗಿತ್ತು.

ವೈದ್ಯರು ಪೂರಕ ಸತ್ತ್ವಗಳ ಪುಡಿಯೊಂದನ್ನು ಬರೆದುಕೊಟ್ಟರು. ಟಾರಿನ್ನನ್ನು 1827ರಲ್ಲಿ ಮೊದಲಿಗೆ ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ ಎಂದು ಮೊಮ್ಮಗಳು ಎಲ್ಲಿಯೋ ಓದಿ ಹೇಳಿದ್ದೇ ತಡ, ಅಜ್ಜಿ ಸಿಡಿದೆದ್ದಳು.

"ಎತ್ತಿನ ಪಿತ್ತ ಅಂದ್ರ ಬಸವಣ್ಣನ ಪಿತ್ತಲ್ಲೇನು? ನಮ್ಮ ಮನ್ಯಾಗ ಅದು ಬ್ಯಾಡ!"

"ಅಲ್ಲಬೇ ಅಜ್ಜಿ, ಈಗಿಂದು ಕಾರ್ಖಾನ್ಯಾಗ ರಸಾಯನದಿಂದ ಮಾಡ್ತಾರ."

ಪುಡಿಗೇನೋ ಅಪ್ಪಣೆ ದೊರೆಯಿತು. ಆದರೆ ಪುಡಿಯು ಪೂರಕವೇ ಹೊರತು ಊಟವಲ್ಲ, ಮಾಂಸ ಬೇಕು ಎಂದು ವೈದ್ಯರ ಹಟ. ಕೊನೆಗೆ ದಿನವೂ ಬೇಯಿಸಿದ ಮೊಟ್ಟೆ, ಅದಕ್ಕೆ ಬೆಕ್ಕಿನ ತೂಕ ನೋಡಿ ಗೊತ್ತುಪಡಿಸಿದ ಪುಡಿ, ಆಗಾಗ ಪರೀಕ್ಷೆ ಎಂಬ ಕರಾರಿಗೆ ಅವರು ಇಳಿದರು. ಅಜ್ಜಿ ಅಂದು ರಾತ್ರಿ ಮಾತನಾಡಲಿಲ್ಲ. ಬೆಳಗಾದ ಮೇಲೆ ಹೇಳಿದಳು: "ಹಿತ್ತಲದಾಗ ಬ್ಯಾರೆ ಒಲಿ ಹೂಡ್ರಿ. ಇಷ್ಟು ದಿನ ಅದು ಇಲಿ ತಿಂತಿತ್ತು, ನಾ ಕಣ್ಣು ಮುಚ್ಚಿಕೊಂಡಿದ್ದೆ. ಈಗ ಅದರ ಕಣ್ಣು ಮುಚ್ಚಾಕತ್ತಾವು."

ಮೊಮ್ಮಗಳ ಆತುರದಿಂದ ತೆನ್ನಾಲಿಯ ಕಥೆ ಇಲ್ಲಿ ಮರುಕಳಿಸಿತು. ಮೊದಲ ದಿನವೇ ಪೂರ್ತಿ ಪುಡಿಯನ್ನು ಮೊಟ್ಟೆಗೆ ಕಲಸಿ ಇಟ್ಟಳು. ಬೆಕ್ಕು ನೆಲ ಕೆರೆಯಿತು. ಮರುದಿನ ಪುಡಿಯಿಲ್ಲದ ಮೊಟ್ಟೆಯನ್ನೂ ಒಲ್ಲೆನೆಂದಿತು. ಹಸಿದರೆ ತಾನೇ ತಿನ್ನುವುದೆಂದು ಬಿಡುವಂತಿಲ್ಲ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುವುದುಂಟು.

ಆದುದರಿಂದ ಪುನಃ ರೊಟ್ಟಿ ಹಾಲು. ಅದರೊಳಗೆ ಕಡಲೆಕಾಳಿನಷ್ಟು ಮೊಟ್ಟೆ. ವಾಸನೆ ಏಳುವಂತೆ ಉಗುರು ಬೆಚ್ಚಗೆ. ಅದು ಒಗ್ಗಿದ ಮೇಲೆ ಸೂಜಿಯ ಮೊನೆಗೆ ಅಂಟುವಷ್ಟು ಪುಡಿ. ಮೊಟ್ಟೆ ಏರಿದಂತೆ ರೊಟ್ಟಿ ಇಳಿಯಿತು. ಮನೆಯ ಒಗ್ಗರಣೆ ಮಾತ್ರ ತಾಗುವಂತಿರಲಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಪೂರ್ತಿ ಅಳತೆಯ ಪುಡಿ ಹೊಟ್ಟೆಗಿಳಿಯುವ ಹೊತ್ತಿಗೆ ಮೂರು ವಾರ ಕಳೆದಿದ್ದುವು.

ಬೆಕ್ಕು ಈಗಲೂ ಹೊಸ್ತಿಲನ್ನು ಎಡವುತ್ತದೆ. ಆದರೆ ಬಟ್ಟಲಿಗೆ ಕಾಲಿಡುವುದಿಲ್ಲ. ಮೊನ್ನೆ ಮೊಮ್ಮಗಳು ಪರೀಕ್ಷೆಗೆಂದು ಗದುಗಿನಲ್ಲಿಯೇ ಉಳಿದಳು. ಅಜ್ಜಿ ಹೊತ್ತು ನೋಡಿದಳು, ಬೆಕ್ಕನ್ನು ನೋಡಿದಳು. ಹಿತ್ತಲಿಗೆ ಹೋಗಿ ಒಲೆ ಹೊತ್ತಿಸಿ, ಮೊಟ್ಟೆ ಬೇಯಿಸಿ, ತನ್ನ ಕೈಯಿಂದಲೇ ಸುಲಿದು, ಪುಡಿಯನ್ನು ಅಳೆದು ಕಲಸಿ, ಬೆಕ್ಕಿಗೆ ಗುರುತು ಸಿಗಲೆಂದು ತಟ್ಟೆಯನ್ನು ಕಲ್ಲಿಗೆ ಎರಡು ಸಲ ತಟ್ಟಿದಳು.

ಬಳಿಕ ಮತ್ತೊಮ್ಮೆ ಮಿಂದು ಪೂಜೆಗೆ ಕುಳಿತಳು.